ಕಾಂಟೆಸ್ಸಾ ಕಾರಿಗೆ ಮನೆಯಲ್ಲೇ ಎನಾಮೆಲ್ ಬಣ್ಣ: ಹಚ್ಚಿ ನೋಡಿದ ಮೇಲಿನ ಅಭಿಪ್ರಾಯ

ಮನೆಯ ಬಾಗಿಲಿಗೂ ಕಿಟಕಿಯ ಸರಳಿಗೂ ಗೇಟಿಗೂ ಬಳಸುವ ಸಿಂಥೆಟಿಕ್ ಎನಾಮೆಲ್ ಬಣ್ಣವನ್ನು ಟರ್ಪೆಂಟೈನ್ ಬೆರೆಸಿ ತೆಳುಮಾಡಿ, ನಾಲ್ಕು ಇಂಚಿನ ಫೋಮ್ ರೋಲರಿನಿಂದ ಹಳೆಯ ಕಾರಿನ ಮೈಗೆ ಹಚ್ಚಿದರೆ ಅದು ಕಾಸರಗೋಡಿನ ಮಳೆಗೆ ನಿಲ್ಲುತ್ತದೆಯೇ ಎಂದು ಕೇಳುವವರು ನಮ್ಮ ಕಡೆ ಇದ್ದಾರೆ. ನಮ್ಮ ಮನೆಯ ಕಾಂಟೆಸ್ಸಾಕ್ಕೆ ಇದೇ ಬಣ್ಣವನ್ನು ಹಚ್ಚಿ, ಒಂದು ಮಳೆಗಾಲವನ್ನೂ ಅದರ ಹಿಂದಿನ ಬೇಸಗೆಯನ್ನೂ ದಾಟಿಸಿದ ಬಳಿಕ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನಿಲ್ಲುತ್ತದೆ ಎಂಬುದೇ ನನ್ನ ಉತ್ತರ. ಆದರೆ ಅದನ್ನು ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಇರುವುದು ಬಣ್ಣದ ಅಡಿಯಲ್ಲಿ ನಡೆಯುವ ಕೆಲಸದಲ್ಲಿ. ಆ ಕೆಲಸಕ್ಕೆ ತಾಳ್ಮೆ ಇಲ್ಲದವರು ಈ ದಾರಿಗೆ ಇಳಿಯದಿರುವುದು ಮೇಲು. ಈ ಬಗೆಯ ಬಣ್ಣವನ್ನು ಹಲವು ಕಂಪೆನಿಗಳು ತಯಾರಿಸುತ್ತವೆ. ನಾನು ಹೇಳುವುದು ಆ ಬಗೆಯ ಬಗ್ಗೆಯೇ ಹೊರತು ಯಾವುದೋ ಒಂದು ಡಬ್ಬಿಯ ಬಗ್ಗೆ ಅಲ್ಲ.

ಅಮೆರಿಕದಲ್ಲಿ 1964ರ ಪಾಂಟಿಯಾಕ್ ಜಿಟಿಓ ಮುಂತಾದ, ನಡುಗಾತ್ರದ ಮೈಗೆ ದೊಡ್ಡ ಎಂಜಿನ್ ಕೂರಿಸಿದ ಕಾರುಗಳನ್ನು ಮಸಲ್ ಕಾರು ಎನ್ನುತ್ತಾರೆ. ನಮ್ಮಲ್ಲಿ ಆ ಗತ್ತನ್ನು ನೆನಪಿಸುವ ಕಾರು ಹಿಂದುಸ್ತಾನ್ ಮೋಟರ್ಸ್‌ನವರ ಕಾಂಟೆಸ್ಸಾ. ಬ್ರಿಟನ್ನಿನ ವಾಕ್ಸ್‌ಹಾಲ್ ಕಂಪೆನಿಯ ವಿಕ್ಟರ್ ಕಾರಿನ ವಿನ್ಯಾಸದಿಂದ ಬಂದ ಇದು 1984ರಲ್ಲಿ ಮಾರುಕಟ್ಟೆಗೆ ಇಳಿಯಿತು. ಮೊದಲು ಅಂಬಾಸಿಡರಿನ ಸಣ್ಣ ಎಂಜಿನ್ನಿನ ಮೇಲೆಯೇ ಏದುಸಿರು ಬಿಡುತ್ತ ಓಡಿ, ಬಳಿಕ ಇಸುಜುವಿನ 1.8 ಲೀಟರ್ ಎಂಜಿನ್ ಪಡೆದು, 2002ರಲ್ಲಿ ತಯಾರಿಕೆ ನಿಂತಿತು. ಬಣ್ಣ ಹಚ್ಚುವವನಿಗೆ ಮುಖ್ಯವಾದದ್ದು ಅದರ ಎಂಜಿನ್ನಿಗಿಂತ ಅದರ ಬಾನೆಟ್ಟು. ಉದ್ದನೆಯ, ಹೆಚ್ಚುಕಡಿಮೆ ಚಪ್ಪಟೆಯಾದ ಆ ತಗಡಿನ ಮೇಲೆ ಬೆಳಗಿನ ಬೆಳಕು ಓರೆಯಾಗಿ ಬಿದ್ದರೆ ರೋಲರಿನ ಒಂದೊಂದು ಗುರುತೂ ಎದ್ದು ಕಾಣುತ್ತದೆ. ಆದ್ದರಿಂದ ಬಾನೆಟ್ಟು, ಮಾಡು (ಮೇಲ್ಛಾವಣಿ) ಮತ್ತು ಡಿಕ್ಕಿಯ ಮುಚ್ಚಳಕ್ಕೆ ಬೇಕಾಗುವ ಶ್ರಮ ಉಳಿದ ಇಡೀ ಕಾರಿಗೆ ಬೇಕಾಗುವುದಕ್ಕಿಂತ ಹೆಚ್ಚು.

ರೋಲರಿನಿಂದ ಕಾರಿಗೆ ಬಣ್ಣ ಹಚ್ಚುವುದೆಂದರೆ ಮೂಗು ಮುರಿಯುವವರಿಗೆ ಎರಡು ಸಂಗತಿ ಹೇಳಬೇಕು. 1920ರ ದಶಕದ ಮೊದಲ ವರ್ಷಗಳವರೆಗೆ ಕಾರುಗಳಿಗೆ ಬಹುಪಾಲು ಕುಂಚದಿಂದಲೇ ವಾರ್ನಿಶ್ ಬಣ್ಣ ಹಚ್ಚಿ ವಾರಗಟ್ಟಲೆ ಒಣಗಿಸುತ್ತಿದ್ದರು. ಡುಪಾಂಟ್ ಕಂಪೆನಿಯ ಡುಕೋ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣ ಬಂದ ಮೇಲೆ ಗಾಳಿಯಿಂದ ಸಿಂಪಡಿಸಿ ಬೇಗ ಒಣಗಿಸುವ ಕ್ರಮ ಹರಡಿತು. ಇನ್ನೊಂದು, ಅಮೆರಿಕದ ಮಸಲ್ ಕಾರಿನ ಬಡ ಒಡೆಯರು ಇಂದಿಗೂ ರಸ್ಟ್‌ಓಲಿಯಂ ಎಂಬ ಎಣ್ಣೆಯ ಎನಾಮೆಲನ್ನು ತೆಳುಮಾಡಿ ಫೋಮ್ ರೋಲರಿನಿಂದ ಹಚ್ಚುತ್ತಾರೆ. ಆ ಕಂಪೆನಿ 1921ರಲ್ಲಿ ಹುಟ್ಟಿದ್ದು, ಹಡಗಿನ ಅಟ್ಟದ ಮೇಲೆ ಚೆಲ್ಲಿದ ಮೀನೆಣ್ಣೆ ತುಕ್ಕು ಹರಡುವುದನ್ನು ತಡೆಯುತ್ತದೆ ಎಂದು ಒಬ್ಬ ಕಪ್ತಾನ ಗಮನಿಸಿದ್ದರಿಂದ. ದೋಣಿಗೆ ಬೂತಾಯಿ ಮೀನಿನ ಎಣ್ಣೆ ಬಳಿಯುತ್ತಿದ್ದ ನಮ್ಮ ಕರಾವಳಿಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಅಡಿಯ ಕೆಲಸ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ, ಪಡುವಣ ಗಾಳಿಯಲ್ಲಿ ಉಪ್ಪು ಬೆರೆತಿರುವ ಈ ಜಿಲ್ಲೆಯಲ್ಲಿ ಹಳೆಯ ಕಾರಿನ ತುಕ್ಕು ಹೊರಗೆ ಕಾಣುವುದು ಕಾಲು ಪಾಲು ಮಾತ್ರ. ಬಾಗಿಲಿನ ಕೆಳ ಅಂಚು, ಗಾಜಿನ ಸುತ್ತಲಿನ ರಬ್ಬರಿನ ಅಡಿ, ಚಕ್ರದ ಕಮಾನಿನ ಒಳಮಡಿಕೆ, ಡಿಕ್ಕಿಯ ತಳ, ಇವೆಲ್ಲವನ್ನೂ ತೆರೆದು ನೋಡಲೇಬೇಕು. ಬಾಗಿಲಿನ ಅಡಿಯಲ್ಲಿ ನೀರು ಇಳಿದುಹೋಗಲು ಬಿಟ್ಟಿರುವ ತೂತುಗಳಲ್ಲಿ ಕಸ ಮತ್ತು ಮುರಮಣ್ಣು ಸೇರಿ ಗಟ್ಟಿಯಾಗಿದ್ದರೆ, ಹೊರಗೆ ಎಂಥ ಬಣ್ಣ ಹಚ್ಚಿದರೂ ಒಳಗಿನಿಂದ ತಗಡು ಕರಗುತ್ತಲೇ ಇರುತ್ತದೆ. ತೂತುಬಿದ್ದ ಕಡೆ ಹೊಸ ತಗಡು ಬೆಸೆಯುವುದು ಮನೆಯಲ್ಲಿ ಆಗುವ ಕೆಲಸವಲ್ಲ. ಅದನ್ನು ಬದಿಯಡ್ಕದ ಕಡೆಯ ಒಬ್ಬ ಟಿಂಕರಿಂಗ್ ಕೆಲಸದವರಿಗೆ ಒಪ್ಪಿಸಿದೆ, ಅದಕ್ಕೆ ಕೊಟ್ಟ ಹಣ ಸಾರ್ಥಕವಾಯಿತು. ಅವರು ಹೇಳಿದ ಮಾತನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ: “ಮಾಷ್ಟ್ರೇ, ತುಕ್ಕನ್ನು ಮುಚ್ಚಬೇಡಿ, ತೆಗೆಯಿರಿ. ಮುಚ್ಚಿದ್ದು ಮಳೆಗಾಲದಲ್ಲಿ ಎದ್ದು ಬರ್ತದೆ.”

ತಂತಿಯ ಬ್ರಷ್ಷಿನಿಂದಲೂ 80ರ ಉಜ್ಜುಕಾಗದದಿಂದಲೂ (ಅಂಕಿ ಹೆಚ್ಚಿದಷ್ಟೂ ಕಾಗದ ನಯ) ಉಜ್ಜಿ ತೆಗೆದ ಮೇಲೂ ತಗಡಿನ ಕುಳಿಗಳಲ್ಲಿ ಉಳಿಯುವ ತುಕ್ಕಿಗೆ ರಸ್ಟ್ ಕನ್ವರ್ಟರ್ ಎಂಬ ದ್ರವ ಸಿಗುತ್ತದೆ. ಅದರಲ್ಲಿ ಫಾಸ್ಫಾರಿಕ್ ಆಮ್ಲವೋ ಟ್ಯಾನಿಕ್ ಆಮ್ಲವೋ ಇರುತ್ತದೆ; ತುಕ್ಕಿನೊಂದಿಗೆ ಸೇರಿ ಅದನ್ನು ಕಪ್ಪಾದ, ಗಟ್ಟಿಯಾದ ಪೊರೆಯಾಗಿ ಮಾಡುವುದು ಅದರ ಕೆಲಸ. ಟ್ಯಾನಿನ್ ಎಂದರೆ ಅಡಿಕೆಯ ಚೊಗರಿನಲ್ಲಿ ಇರುವ ಪದಾರ್ಥಗಳ ಬಳಗವೇ, ಕತ್ತಿಯ ಅಲಗು ಚೊಗರಿನಿಂದ ಕಪ್ಪಾಗುವುದನ್ನು ಅಡಿಕೆ ಸುಲಿಯುವವರೆಲ್ಲರೂ ಕಂಡಿದ್ದಾರೆ. ಕುಳಿಗಳಲ್ಲಿ ಉಳಿದ ತುಕ್ಕಿಗೆ ಈ ದ್ರವ ಬಹಳ ಒಳ್ಳೆಯದು. ಪದರಪದರವಾಗಿ ಎದ್ದಿರುವ ತುಕ್ಕಿನ ಮೇಲೆ ಸುರಿದರೆ ಹಣ ವ್ಯರ್ಥ, ಏಕೆಂದರೆ ದ್ರವ ಮೇಲಿನ ಪದರವನ್ನು ದಾಟಿ ತಗಡಿಗೆ ತಲುಪುವುದಿಲ್ಲ.

ತಗ್ಗು ತುಂಬಿಸುವ ಪುಟ್ಟಿಯ ವಿಚಾರದಲ್ಲಿ ನಮ್ಮ ಹವೆಗೆ ಸಂಬಂಧಿಸಿದ ಒಂದು ಎಚ್ಚರಿಕೆ ಅಗತ್ಯ. ಹಾರ್ಡನರ್, ಎಂದರೆ ಗಟ್ಟಿಯಾಗಿಸುವ ಪದಾರ್ಥ, ಬೆರೆಸುವ ಪಾಲಿಯೆಸ್ಟರ್ ಪುಟ್ಟಿ ನೀರನ್ನು ಹೀರುತ್ತದೆ. ಅದನ್ನು ಒಣ ಕಾಗದದಿಂದಲೇ ಉಜ್ಜಬೇಕು, ಉಜ್ಜಿದ ದಿನವೇ ಪ್ರೈಮರ್, ಎಂದರೆ ಬಣ್ಣದ ಅಡಿಯ ಲೇಪ, ಹಚ್ಚಬೇಕು, ಒಂದು ರಾತ್ರಿಯೂ ಬರಿಮೈಯಲ್ಲಿ ಬಿಡಬಾರದು. ರೆಡ್ ಆಕ್ಸೈಡ್ ಪ್ರೈಮರ್ ಕೂಡ ನೀರನ್ನು ಪೂರ್ತಿ ತಡೆಯುವುದಿಲ್ಲ. ಪ್ರೈಮರ್ ಹಚ್ಚಿ ತಿಂಗಳುಗಟ್ಟಲೆ ಜಗಲಿಯ ಬದಿಯಲ್ಲಿ ನಿಲ್ಲಿಸಿದ ಕೆಂಪು ಕಾರುಗಳು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ, ಅವುಗಳ ಕೆಂಪಿನ ಅಡಿಯಲ್ಲಿ ತುಕ್ಕು ಮತ್ತೆ ಬೆಳೆಯುತ್ತಿರುತ್ತದೆ. ಆದುದರಿಂದ ಪ್ರೈಮರಿನ ಮೇಲೆ ಬಣ್ಣದ ಮೊದಲ ಪದರ ಬೇಗ ಬೀಳಬೇಕು.

ಈಗ ಬಣ್ಣಕ್ಕೆ ಬರುತ್ತೇನೆ. ಎನಾಮೆಲಿನ ಮೂಲ ಆಲ್ಕಿಡ್ ಎಂಬ ರಾಳ; ಅದರಲ್ಲಿರುವ ಎಣ್ಣೆಯ ಅಂಶ ಗಾಳಿಯ ಆಮ್ಲಜನಕವನ್ನು ಹಿಡಿದು ಗಟ್ಟಿಯಾಗುತ್ತದೆ. ಟರ್ಪೆಂಟೈನ್ ಆರಿಹೋಗುವುದು ಒಂದು ಹಂತ, ಎಣ್ಣೆ ಗಟ್ಟಿಯಾಗುವುದು ಇನ್ನೊಂದು ಹಂತ. ಮುಟ್ಟಿದರೆ ಅಂಟದಿರಲು ಕೆಲವು ಗಂಟೆ ಸಾಕು, ಉಗುರಿಗೆ ಬಗ್ಗದಷ್ಟು ಗಟ್ಟಿಯಾಗಲು ವಾರಗಳು ಬೇಕು. ದಪ್ಪಗೆ ಹಚ್ಚಿದರೆ ಮೇಲ್ಮೈ ಮೊದಲು ಬಿಗಿದು ಒಳಗಿನದು ಹಸಿಯಾಗಿ ಉಳಿದು ಸುಕ್ಕು ಬೀಳುತ್ತದೆ. ಈ ಬಣ್ಣದ ಎಲ್ಲ ಒಳ್ಳೆಯತನವೂ ಎಲ್ಲ ತೊಂದರೆಯೂ ಈ ಒಂದೇ ಗುಣದಿಂದ ಹುಟ್ಟುತ್ತವೆ. ನಿಧಾನವಾಗಿ ಒಣಗುವುದರಿಂದಲೇ ರೋಲರಿನ ಗುಳ್ಳೆಗಳು ಒಡೆದು ಬಣ್ಣ ತಾನಾಗಿ ಸಮತಟ್ಟಾಗಲು ಸಮಯ ಸಿಗುತ್ತದೆ. ನಿಧಾನವಾಗಿ ಒಣಗುವುದರಿಂದಲೇ ಹಾರಿಬಂದ ಧೂಳೂ ನೊಣವೂ ಅದರಲ್ಲಿ ಕೂರುತ್ತವೆ.

ತೆಳುಮಾಡುವ ಹದ ಹಾಲಿನದು. ಕಡ್ಡಿಯನ್ನು ಅದ್ದಿ ಎತ್ತಿದಾಗ ಬಣ್ಣ ಎಳೆಯಾಗಿ ಇಳಿಯದೆ ಹನಿಯಾಗಿ ಬೀಳಬೇಕು. ಮೊದಲ ಪದರ ಹಚ್ಚಿದಾಗ ಅಡಿಯ ಪ್ರೈಮರ್ ಹಾಗೆಯೇ ಕಾಣುತ್ತದೆ. ಅದನ್ನು ಕಂಡು ದಪ್ಪ ಮಾಡುವ ಆಸೆಯನ್ನು ತಡೆದುಕೊಳ್ಳಬೇಕು. ಒಂದು ಪದರ ಇಡೀ ರಾತ್ರಿ ಒಣಗಲಿ, ಎರಡು ಪದರಗಳಾದ ಮೇಲೆ 600ರ ವಾಟರ್ ಪೇಪರಿನಿಂದ ಸೋಪುನೀರು ಹಾಕಿ ಹಗುರವಾಗಿ ಉಜ್ಜಲಿ, ಮತ್ತೆ ಎರಡು ಪದರ. ಹೀಗೆ ಆರು ಪದರವಾದರೂ ಬೇಕು. ರೋಲರಿನಲ್ಲಿ ಅಗ್ಗದ ಸ್ಪಂಜಿನದು ಟರ್ಪೆಂಟೈನಿನಲ್ಲಿ ಊದಿ ಚೂರಾಗುತ್ತದೆ, ಅದರ ಚೂರುಗಳು ಬಣ್ಣದಲ್ಲಿ ಅಂಟಿಕೊಳ್ಳುತ್ತವೆ. ಬೆರಳಲ್ಲಿ ಒತ್ತಿದರೆ ಬಿಗಿಯಾಗಿ ಎದುರು ನಿಲ್ಲುವ, ಸಣ್ಣ ರಂಧ್ರದ ಫೋಮಿನದು ನನಗೆ ಮಂಗಳೂರಿನಲ್ಲಿ ಸಿಕ್ಕಿತು, ಬೆಲೆ ಎರಡು ಪಟ್ಟಾದರೂ ಅದನ್ನೇ ಕೊಳ್ಳಬೇಕು. ಒಂದು ಬಾಗಿಲಿನಷ್ಟು ಅಗಲ ಹಚ್ಚಿದ ಕೂಡಲೇ ಒಣ ಫೋಮ್ ಬ್ರಷ್ಷನ್ನು ಭಾರ ಹಾಕದೆ ಒಂದೇ ದಿಕ್ಕಿಗೆ ಎಳೆದರೆ ಗುಳ್ಳೆಗಳು ಹೋಗುತ್ತವೆ. ಬಣ್ಣವನ್ನು ಅಂಗಡಿಯ ಯಂತ್ರದಲ್ಲಿ ಬೆರೆಸಿ ಕೊಡುವುದಾದರೆ ಬೇಕಾದಷ್ಟನ್ನೂ ಒಂದೇ ಸಲ ಬೆರೆಸಿ ತರಬೇಕು. ಎರಡನೆಯ ಸಲದ್ದು ಕೂದಲೆಳೆಯಷ್ಟು ಬೇರೆಯಾದರೂ ಬಾಗಿಲಿನ ಪಕ್ಕ ಬಾಗಿಲು ನಿಂತಾಗ ಗೊತ್ತಾಗುತ್ತದೆ.

ಧೂಳಿಲ್ಲದ ಜಾಗ ಎಲ್ಲಿ ಎಂಬ ಪ್ರಶ್ನೆಗೆ ನಮ್ಮ ಊರಿನಲ್ಲಿ ಉತ್ತರ ಸಿದ್ಧವಾಗಿಯೇ ಇದೆ. ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹಾಳೆ ಹೊದಿಸಿ ಕಟ್ಟಿದ ಸೋಲಾರ್ ಮನೆಯ ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿದರೆ ಅದಕ್ಕಿಂತ ಒಳ್ಳೆಯ ಪೈಂಟ್ ಶೆಡ್ ಬೇರೆ ಬೇಡ. ಮಳೆ ಬಿಟ್ಟ ಮೇಲೆ, ಮೊದಲ ಕೊಯ್ಲಿನ ಅಡಿಕೆ ಹರಡುವ ಮೊದಲಿನ ಬಿಡುವು ಇದಕ್ಕೆ ತಕ್ಕ ಕಾಲ. ಅಡಿಕೆ ಇರುವಾಗ ಬೇಡವೇ ಬೇಡ, ಟರ್ಪೆಂಟೈನಿನ ವಾಸನೆ ಅದಕ್ಕೆ ಹಿಡಿದರೆ ವರ್ಷದ ದುಡಿಮೆ ಕೆಡುತ್ತದೆ. ಹಚ್ಚುವುದನ್ನು ಬೆಳಗ್ಗೆ ಬೇಗನೆ ಮುಗಿಸಿ ಎರಡೂ ಕಡೆಯ ಬಾಗಿಲನ್ನು ತೆರೆದಿಡಬೇಕು; ಮಧ್ಯಾಹ್ನದ ಹೊತ್ತಿಗೆ ಒಳಗಿನ ಕಾವಿನಲ್ಲಿ ಬಣ್ಣ ಹರಡುವ ಮೊದಲೇ ಬಿಗಿಯುತ್ತದೆ.

ಕೊನೆಯ ಪದರವನ್ನು ಕೆಲವು ವಾರ ಗಟ್ಟಿಯಾಗಲು ಬಿಟ್ಟು, 1000, 1500, 2000ರ ಕಾಗದಗಳಿಂದ ಕ್ರಮವಾಗಿ ನೀರು ಹಾಕಿ ಉಜ್ಜಿ, ರಬ್ಬಿಂಗ್ ಕಾಂಪೌಂಡಿನಿಂದ ತಿಕ್ಕಿದಾಗ ಸಿಗುವ ಹೊಳಪು ನನ್ನ ನಿರೀಕ್ಷೆಯನ್ನು ಮೀರಿತ್ತು. ಹತ್ತು ಅಡಿ ದೂರದಿಂದ ನೋಡಿದವರಿಗೆ ಇದು ರೋಲರಿನ ಕೆಲಸ ಎಂದು ತಿಳಿಯುವುದಿಲ್ಲ. ಹತ್ತಿರ ಬಂದರೆ ಮಾಡಿನ ಅಂಚುಗಳಲ್ಲಿ ಸ್ವಲ್ಪ ತರಿ ಕಾಣುತ್ತದೆ, ಅದು ಇರುವುದೇ ಸರಿ.

ಮಳೆಗಾಲ ಕಳೆದ ಮೇಲೆ ಗಮನಿಸಿದಂತೆ ನೀರಿನಿಂದ ಎಲ್ಲಿಯೂ ಗುಳ್ಳೆ ಏಳಲಿಲ್ಲ. ಹೊಳಪು ಮಾಡಿನ ಮೇಲೆ ಕೊಂಚ ಮಾಸಿದೆ. ಬಿಸಿಲಿಗೆ ಆಲ್ಕಿಡ್ ಬಣ್ಣದ ಮೇಲ್ಮೈ ಸುಣ್ಣದ ಹುಡಿಯಂತಾಗುವುದು ಸಹಜ, ಪಾಲಿಶ್ ಹಾಕಿದರೆ ಮರಳುತ್ತದೆ. ನಿಜವಾದ ಶತ್ರು ಬೇರೆ ಇದೆ. ಕೊಳೆರೋಗ ಬಾರದಂತೆ ಅಡಿಕೆಗೆ ಬಿಡುವ ಮದ್ದು, ಎಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು ಮತ್ತು ಒಂದು ಕಿಲೋ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ, ಗಾಳಿಗೆ ಹಾರಿ ಕಾರಿನ ಮೇಲೆ ಬಿದ್ದರೆ ಅದರ ಸುಣ್ಣ ಆಲ್ಕಿಡ್ ರಾಳವನ್ನು ತಿನ್ನುತ್ತದೆ. ಎಣ್ಣೆಯನ್ನು ಕ್ಷಾರದೊಂದಿಗೆ ಸೇರಿಸಿ ಸಾಬೂನು ಮಾಡುವ ಕ್ರಿಯೆಯೇ ಇಲ್ಲಿಯೂ ನಡೆಯುವುದು. ಮದ್ದು ಬಿಡುವ ದಿನ ಕಾರನ್ನು ದೂರ ನಿಲ್ಲಿಸಬೇಕು, ಹನಿ ಬಿದ್ದಿದ್ದರೆ ಒಣಗುವ ಮೊದಲೇ ತೊಳೆಯಬೇಕು. ಪೆಟ್ರೋಲ್ ಹಾಕುವ ಮುಚ್ಚಳದ ಸುತ್ತಲೂ ಇದೇ ಎಚ್ಚರ ಬೇಕು, ಚೆಲ್ಲಿದ ಪೆಟ್ರೋಲ್ ಈ ಬಣ್ಣವನ್ನು ಮೆತ್ತಗೆ ಮಾಡುತ್ತದೆ.

ಇನ್ನೊಂದು ದೊಡ್ಡ ಕೊರತೆಯನ್ನು ಕೊಳ್ಳುವ ಮೊದಲೇ ತಿಳಿದಿರಬೇಕು. ಎನಾಮೆಲಿನ ಮೇಲೆ ಮುಂದೆ ಎಂದಾದರೂ ವರ್ಕ್‌ಶಾಪಿನ ಎನ್‌ಸಿ (ನೈಟ್ರೋಸೆಲ್ಯುಲೋಸ್) ಅಥವಾ ಪಿಯು (ಪಾಲಿಯುರೆಥೇನ್) ಬಣ್ಣ ಹೊಡೆಸಬೇಕೆಂದರೆ ಅವುಗಳ ತೀಕ್ಷ್ಣವಾದ ಥಿನ್ನರ್ ಅಡಿಯ ಎನಾಮೆಲನ್ನು ಎಬ್ಬಿಸಿ ಸುಕ್ಕುಗಟ್ಟಿಸುತ್ತದೆ. ಪೂರ್ತಿ ಕೆರೆದು ತೆಗೆಯದೆ ಬೇರೆ ದಾರಿಯಿಲ್ಲ, ಆ ಕೂಲಿ ದುಬಾರಿ. ಮೆಟಾಲಿಕ್ ಬಣ್ಣ ಬಯಸುವವರಿಗೂ ಈ ಕ್ರಮ ಆಗದು. ಅದರಲ್ಲಿನ ಅಲ್ಯೂಮಿನಿಯಂ ಹುಡಿ ರೋಲರ್ ಹೋದ ಕಡೆಯೆಲ್ಲ ಪಟ್ಟೆಪಟ್ಟೆಯಾಗಿ ಕೂರುತ್ತದೆ.

ಹಾಗಾದರೆ ಮನೆಯಲ್ಲೇ ಕಂಪ್ರೆಸರ್ ಇಟ್ಟು ಪಿಯು ಬಣ್ಣವನ್ನೇ ಹೊಡೆಯಬಾರದೇ ಎಂದರೆ, ದಯವಿಟ್ಟು ಬೇಡ ಎನ್ನುತ್ತೇನೆ. ಅದರ ಹಾರ್ಡನರಿನಲ್ಲಿರುವ ಐಸೋಸಯನೇಟ್ ಮಂಜಿನಂತೆ ಗಾಳಿಯಲ್ಲಿ ತೇಲಿ ಶ್ವಾಸಕೋಶಕ್ಕೆ ಹೋದರೆ ಜೀವಮಾನ ಕಾಡುವ ಅಸ್ತಮಾ ಬರಬಹುದು. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತರುವ ಮುಖವಾಡ ಬೇಕಾಗುವ ಕೆಲಸ ಅದು. ರೋಲರಿನ ಎನಾಮೆಲನ್ನು ನಾನು ಮೆಚ್ಚಲು ಅಗ್ಗದಷ್ಟೇ ದೊಡ್ಡ ಕಾರಣ ಇದು. ಹಾಗೆಂದು ಇಲ್ಲಿಯೂ ಅಪಾಯವಿಲ್ಲದಿಲ್ಲ. ಮನೆಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರಿನಿಂದಷ್ಟೇ ಜಾರಿಯಲ್ಲಿದೆ. ಹಳೆಯ ಕಾರಿನ ಬಣ್ಣದಲ್ಲಿ ಸೀಸ ಇದೆಯೆಂದೇ ಎಣಿಸಿ ಅದನ್ನು ನೀರು ಹಾಕಿ ಉಜ್ಜಬೇಕು, ಮಕ್ಕಳನ್ನು ಹತ್ತಿರ ಬಿಡಬಾರದು. ಬಣ್ಣ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ ಅದರ ಎಣ್ಣೆ ಗಟ್ಟಿಯಾಗುವಾಗ ಹುಟ್ಟುವ ಶಾಖಕ್ಕೆ ತಾನಾಗಿ ಬೆಂಕಿ ಹತ್ತಬಹುದು. ಅಡಿಕೆ ಸಿಪ್ಪೆಯ ರಾಶಿ ಇರುವ ಕೊಟ್ಟಿಗೆಯ ಪಕ್ಕದಲ್ಲಿ ಈ ಅಪಾಯ ಸಣ್ಣದಲ್ಲ. ಅದನ್ನು ಬಯಲಿನಲ್ಲಿ ಬಿಡಿಸಿ ಒಣಹಾಕಬೇಕು.

ಖರ್ಚಿನ ವಿಚಾರಕ್ಕೆ ಬಂದರೆ, ಟಿಂಕರಿಂಗ್ ಬಿಟ್ಟು ಬಣ್ಣ, ಪ್ರೈಮರ್, ಪುಟ್ಟಿ, ಕಾಗದ, ರೋಲರ್, ಕಾಂಪೌಂಡ್ ಎಲ್ಲ ಸೇರಿ ನನಗೆ ಏಳು ಸಾವಿರ ರೂಪಾಯಿಯ ಒಳಗೆ ಆಯಿತು. ವರ್ಕ್‌ಶಾಪಿನಲ್ಲಿ ಹೇಳಿದ ದರ ಅದರ ಎಂಟು ಪಟ್ಟಿಗೂ ಮೇಲಿತ್ತು. ಆರ್‌ಸಿಯಲ್ಲಿ ನಮೂದಾಗಿರುವ ಬಣ್ಣವನ್ನೇ ಉಳಿಸಿಕೊಂಡರೆ ಆರ್‌ಟಿಓ ಕಚೇರಿಗೆ ಹೋಗಬೇಕಾಗಿಲ್ಲ, ಬದಲಿಸುವುದಾದರೆ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಿಕೊಳ್ಳಬೇಕು. ಪ್ರದರ್ಶನಕ್ಕೆ ಒಯ್ಯುವ ಅಥವಾ ಮಾರುವ ಉದ್ದೇಶದ ಕಾರಿಗೆ ಇದನ್ನು ನಾನು ಹೇಳುವುದಿಲ್ಲ. ಮಾಡಿನ ಅಡಿಯಲ್ಲಿ ನಿಲ್ಲಿಸಿ, ವಾರಕ್ಕೊಮ್ಮೆ ಕುಂಬಳೆ ಪೇಟೆಗೋ ಮಧೂರು ದೇವಸ್ಥಾನಕ್ಕೋ ಓಡಿಸುವ, ಗೀರು ಬಿದ್ದರೆ ತಾವೇ ಸರಿಪಡಿಸಿಕೊಳ್ಳುವ ಮನಸ್ಸುಳ್ಳ ಒಡೆಯರಿಗೆ ಧೈರ್ಯವಾಗಿ ಹೇಳುತ್ತೇನೆ. ಗೀರಿಗೆಂದೇ ಅರ್ಧ ಲೀಟರಿನಷ್ಟು ಬಣ್ಣವನ್ನು ಬಾಯಿಯವರೆಗೆ ತುಂಬುವ ಸಣ್ಣ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಬೇಕು, ಗಾಳಿಗೆ ಜಾಗವಿದ್ದರೆ ಮೇಲೆ ಕೆನೆ ಕಟ್ಟುತ್ತದೆ. ಕಟ್ಟಿದರೂ ಅದನ್ನು ಕಲಕದೆ ಎತ್ತಿ ತೆಗೆದು, ತೆಳುವಾದ ಬಟ್ಟೆಯಲ್ಲಿ ಸೋಸಿ ಬಳಸಬಹುದು.