ಬಿಸಿಲೂರಿನಲ್ಲಿ ಆರ್‌ಟಿಎಕ್ಸ್ 3060: ಬಿಸಿ ಪರವಾಗಿಲ್ಲ, ಸದ್ದೇ ಜಾಸ್ತಿ

ಆರ್‌ಟಿಎಕ್ಸ್ 3060 ಅಂದರೆ ಎನ್‌ವಿಡಿಯಾ ಚಿಪ್ ಇರುವ, ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್. ಈಗ ಹಳೇ ಕಾರ್ಡ್. ಮಾರುಕಟ್ಟೆಗೆ ಬಂದಿದ್ದು 2021ರ ಫೆಬ್ರುವರಿಯಲ್ಲಿ. ನನ್ನ ಹತ್ರ ಇರುವುದು 12 ಜಿಬಿ ಮೆಮೊರಿಯ, ಎರಡು ಫ್ಯಾನಿನ ಮಾಡೆಲ್. ಕಲಬುರಗಿಯಲ್ಲಿ, ಎಸಿ ಇಲ್ಲದ ರೂಮಿನಲ್ಲಿ ಕೆಲವು ಬೇಸಿಗೆ ಕಂಡಿದೆ. ಫ್ರೇಮ್ ರೇಟ್ (ಆಟದಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆ ಅನ್ನುವ ಲೆಕ್ಕ) ಬಗ್ಗೆ ಬೇಕಾದಷ್ಟು ವಿಡಿಯೊಗಳಿವೆ, ಅದನ್ನು ಬಿಡೋಣ. ಇದು ಬಿಸಿ ಮತ್ತು ಸದ್ದಿನ ಲೆಕ್ಕ.

ಈ ಚಿಪ್‌ಗೆ ಎನ್‌ವಿಡಿಯಾ ಹೇಳಿರುವ ಗರಿಷ್ಠ ತಾಪ 93 ಡಿಗ್ರಿ. ಅಲ್ಲಿವರೆಗೂ ಕಾರ್ಡ್ ಸುಮ್ನೆ ಕೂರುವುದಿಲ್ಲ, 83ರ ಆಸುಪಾಸಿನಲ್ಲೇ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ಹಾಗಾಗಿ ಆಟ ಆಡುವಾಗ 75 ಕಂಡರೆ ಗಾಬರಿ ಬೇಡ. ನನ್ನಲ್ಲಿ ಚಳಿಗಾಲದ ರಾತ್ರಿ ಸೈಬರ್‌ಪಂಕ್ 2077 ಆಡಿದರೆ 67ರ ಹತ್ತಿರ ನಿಲ್ಲುತ್ತದೆ. ಮೇ ತಿಂಗಳ ಮಧ್ಯಾಹ್ನ ಅದೇ ಆಟಕ್ಕೆ 80. ಕಾರ್ಡ್ ಕೆಟ್ಟಿಲ್ಲ, ರೂಮ್ ಕಾದಿದೆ, ಅಷ್ಟೇ. ಫ್ಯಾನ್ ಊದುವುದು ರೂಮಿನ ಗಾಳಿಯನ್ನೇ ಅಲ್ವಾ? ಬೆಂಗಳೂರಿನವರ ಸ್ಕ್ರೀನ್‌ಶಾಟ್ ನೋಡಿ ನಾವು ಹೊಟ್ಟೆ ಉರಿಸಿಕೊಳ್ಳಬಾರದು!

ಹಾಟ್‌ಸ್ಪಾಟ್ ಅಂತ ಇನ್ನೊಂದು ರೀಡಿಂಗ್ ಬರುತ್ತದೆ, ಚಿಪ್‌ನಲ್ಲಿ ಅತಿ ಬಿಸಿಯಾದ ಜಾಗದ್ದು. ಅದು ಸಾಮಾನ್ಯ ತಾಪಕ್ಕಿಂತ 10ರಿಂದ 15 ಡಿಗ್ರಿ ಮೇಲಿರುವುದು ಸಹಜ. ಆ ಅಂತರ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದರೆ ಮಾತ್ರ ಥರ್ಮಲ್ ಪೇಸ್ಟ್ (ಚಿಪ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಲೇಪ) ಒಣಗಿರಬಹುದು ಅಂತ ಅನುಮಾನಿಸಿ.

ನಿಜವಾದ ತಲೆನೋವು ಸದ್ದು. ಕಂಪನಿಯವರು ಹಾಕಿಕೊಟ್ಟ ಫ್ಯಾನ್ ಸೆಟ್ಟಿಂಗ್‌ನಲ್ಲಿ ಬೇಸಿಗೆಯಲ್ಲಿ ಫ್ಯಾನ್ 2,200 ಆರ್‌ಪಿಎಂ ಮುಟ್ಟುತ್ತಿತ್ತು. ಹೆಡ್‌ಫೋನ್ ಹಾಕಿದರೂ ಕೇಳಿಸುತ್ತದೆ, ಪಕ್ಕದ ಕೋಣೆಯಲ್ಲಿ ಮಲಗಿದವರಿಗೂ ಕೇಳಿಸುತ್ತದೆ. ಅದಕ್ಕಿಂತ ಕಿರಿಕಿರಿ ಇನ್ನೊಂದು. ಕಾರ್ಡ್ ತಣ್ಣಗಿದ್ದಾಗ ಫ್ಯಾನ್ ಪೂರ್ತಿ ನಿಲ್ಲುತ್ತದೆ, 55ರ ಹತ್ತಿರ ಬಂದಾಗ ಗರ್ ಅಂತ ಏಳುತ್ತದೆ, ಎರಡು ನಿಮಿಷಕ್ಕೆ ಮತ್ತೆ ನಿಲ್ಲುತ್ತದೆ. ಚಳಿಗಾಲದಲ್ಲಿ ಈ ಸೌಲಭ್ಯ ಚೆನ್ನ. ನಮ್ಮೂರ ಏಪ್ರಿಲ್‌ನಲ್ಲಿ ಬರೀ ಬ್ರೌಸರ್ ತೆರೆದಿದ್ದರೂ ಕಾರ್ಡ್ ಆ ಗಡಿಯಲ್ಲೇ ಓಲಾಡುತ್ತಿರುತ್ತದೆ. ಕಾರ್ಡಿನ ಸೆಟ್ಟಿಂಗ್ ಬದಲಿಸುವ ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನಲ್ಲಿ ಫ್ಯಾನ್ ಯಾವಾಗಲೂ 30 ಪರ್ಸೆಂಟ್‌ನಲ್ಲಿ ತಿರುಗುವ ಹಾಗೆ ಇಟ್ಟ ಮೇಲೆ ಈ ಆಟ ನಿಂತಿತು. ಒಂದೇ ಸಮನೆ ಬರುವ ಸಣ್ಣ ಸದ್ದು ಕಿವಿಗೆ ಒಗ್ಗಿಹೋಗುತ್ತದೆ.

ಆದರೆ ಫ್ಯಾನ್ ಕರ್ವ್ (ಯಾವ ತಾಪಕ್ಕೆ ಫ್ಯಾನ್ ಎಷ್ಟು ವೇಗ ಅನ್ನುವ ಸೆಟ್ಟಿಂಗ್) ತಿದ್ದುವುದರಿಂದ ಕಾರ್ಡ್ ಹುಟ್ಟಿಸುವ ಬಿಸಿ ಕಡಿಮೆಯಾಗುವುದಿಲ್ಲ. ಬಿಸಿ ಹುಟ್ಟುವುದೇ ಕರೆಂಟಿನಿಂದ, ಅದನ್ನೇ ತಗ್ಗಿಸಬೇಕು. ಈ ಕಾರ್ಡ್ 170 ವ್ಯಾಟ್ ಎಳೆಯುತ್ತದೆ. ಪವರ್ ಲಿಮಿಟ್, ಅಂದರೆ ಕಾರ್ಡ್ ಎಳೆಯಬಹುದಾದ ವಿದ್ಯುತ್ತಿನ ಮಿತಿ, 80 ಪರ್ಸೆಂಟ್‌ಗೆ ಇಳಿಸಿದರೆ 136 ವ್ಯಾಟ್. ಆಟದಲ್ಲಿ ಕಳೆದುಕೊಳ್ಳುವುದು ಬೆರಳೆಣಿಕೆಯ ಫ್ರೇಮ್, ಮೀಟರ್ ನೋಡದೆ ಆಡಿದರೆ ಗೊತ್ತೇ ಆಗುವುದಿಲ್ಲ. ನಾನು ಇನ್ನೂ ಸ್ವಲ್ಪ ಮುಂದೆ ಹೋಗಿ ಚಿಪ್‌ನ ವೋಲ್ಟೇಜನ್ನು 875 ಮಿಲಿವೋಲ್ಟ್‌ಗೆ, ವೇಗವನ್ನು 1,800 ಮೆಗಾಹರ್ಟ್ಸ್‌ಗೆ ಕಟ್ಟಿಹಾಕಿದ್ದೇನೆ. ಎಲ್ಲ ಚಿಪ್‌ಗಳೂ ಇದಕ್ಕೆ ಒಪ್ಪುವುದಿಲ್ಲ. ಆಟ ಕ್ರ್ಯಾಶ್ ಆದರೆ ವೋಲ್ಟೇಜ್ ಒಂದು ಮೆಟ್ಟಿಲು ಏರಿಸಿ. ಈಗ ಮೇ ತಿಂಗಳಲ್ಲೂ ಫ್ಯಾನ್ 1,600 ದಾಟುವುದಿಲ್ಲ, ತಾಪ 74ರ ಹತ್ತಿರ.

ಫ್ರೇಮ್ ರೇಟ್‌ಗೂ ಮಿತಿ ಹಾಕಿ. ಮಾನಿಟರ್ 75 ಹರ್ಟ್ಸ್ ಇದ್ದರೆ, ಅಂದರೆ ಸೆಕೆಂಡಿಗೆ 75 ಚಿತ್ರವಷ್ಟೇ ತೋರಿಸುವುದಾದರೆ, ಮೆನು ಸ್ಕ್ರೀನಿನಲ್ಲಿ ನೂರಾರು ಫ್ರೇಮ್ ಯಾರಿಗೆ ಬೇಕು? ಆಗ ಬರುವ ಕೀಂ ಅನ್ನುವ ಸಣ್ಣ ಸದ್ದು ಫ್ಯಾನಿನದಲ್ಲ, ಕಾರ್ಡಿನಲ್ಲಿರುವ ತಂತಿ ಸುರುಳಿಯದು (ಕಾಯಿಲ್).

ಧೂಳು ಇಲ್ಲಿ ವಿಪರೀತ. ಹಳೇ ಪೇಂಟ್ ಬ್ರಷ್, ಒಂದು ಬ್ಲೋವರ್ ಸಾಕು. ಊದುವಾಗ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಿ, ಸುಮ್ಮನೆ ಬಿಟ್ಟರೆ ಅಳತೆ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಬೇರಿಂಗ್ ವಿಷಯಕ್ಕೇ ಈ ಮಾಡೆಲ್‌ಗೆ ಒಂದು ಸ್ಟಾರ್ ಕಡಿಮೆ. ಎಡಗಡೆಯ ಫ್ಯಾನ್ ವಾರಂಟಿ ಇರುವಾಗಲೇ ಟಕ್ ಟಕ್ ಅನ್ನಲು ಶುರುವಾಯಿತು. ಸರ್ವಿಸ್ ಸೆಂಟರ್‌ನವರು "ತಿರುಗ್ತಾ ಇದೆಯಲ್ಲ ಸರ್, ಸದ್ದಿಗೆ ವಾರಂಟಿ ಬರಲ್ಲ" ಅಂದರು. ಕೊನೆಗೆ ಜೋಡಿ ಫ್ಯಾನ್ ಆನ್‌ಲೈನ್‌ನಲ್ಲಿ ತರಿಸಿ ನಾನೇ ಹಾಕಿದೆ. ನಾಲ್ಕು ಸ್ಕ್ರೂ, ಒಂದು ಕನೆಕ್ಟರ್, ಅಷ್ಟೇ ಕೆಲಸ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಫ್ಯಾನ್ 1,000 ಆರ್‌ಪಿಎಂನಲ್ಲಿ ತಿರುಗುವಾಗ ಕಿವಿ ಹತ್ತಿರ ಇಟ್ಟು ಕೇಳಿ. ಫುಲ್ ಸ್ಪೀಡಿನಲ್ಲಿ ಗಾಳಿಯ ಸದ್ದು ಆ ಟಕ್ ಟಕ್ ಅನ್ನು ಮುಚ್ಚಿಹಾಕುತ್ತದೆ, ಮಾರುವವರು ತೋರಿಸುವುದೂ ಸಾಮಾನ್ಯವಾಗಿ ಫುಲ್ ಸ್ಪೀಡನ್ನೇ.