ಮಂತ್ರ ಜಾಸ್ತಿ, ಕಥೆ ಕಮ್ಮಿ: ಹೊಳೆಯುವ ಮುಖಪುಟ ನೋಡಿ ಪುಸ್ತಕ ತಗೋಬೇಡಿ

ಪಿಯುಸಿ ಓದುವ ಮಕ್ಕಳಿಗೆ ಇಂಗ್ಲಿಷ್‌ನ ಮಾಯಾಲೋಕದ ಕಾದಂಬರಿ ಕೊಡಿಸಬೇಕು ಅಂತಿದ್ದೀರಾ? ಸ್ವಲ್ಪ ನಿಲ್ಲಿ. ಪುಸ್ತಕದ ಹೆಸರು ಹೇಳಲ್ಲ. ಇದೇ ಅಚ್ಚಿನವು ಅಂಗಡಿ ತುಂಬಾ ಇವೆ.

ನಮ್ಮಣ್ಣನ ಮಗಳಿಗೆ ಅಂತ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ 599 ರೂಪಾಯಿ ಕೊಟ್ಟು ತಗೊಂಡಿದ್ದು. ಚಿನ್ನದ ಬಣ್ಣದ ಅಕ್ಷರ, ಹಾಳೆಗಳ ಅಂಚಿಗೂ ನೇರಳೆ ಬಣ್ಣ. 'ಟಿಕ್‌ಟಾಕ್‌ನಲ್ಲಿ ಸದ್ದು ಮಾಡಿದ ಪುಸ್ತಕ' ಅಂತ ದುಂಡಗೆ ಒಂದು ಗುರುತು ಬೇರೆ. ಟಿಕ್‌ಟಾಕ್ ನಮ್ಮಲ್ಲಿ 2020ರಲ್ಲೇ ಬಂದ್ ಆಯಿತು, ಅದರ ಸದ್ದು ಮಾತ್ರ ಇನ್ನೂ ಅಡಗಿಲ್ಲ! ಪ್ಲಾಸ್ಟಿಕ್ ಸುತ್ತಿದ್ದರಿಂದ ತಿರುವಿ ನೋಡುವ ಹಾಗಿರಲಿಲ್ಲ. ಅವಳು ಅರ್ಧಕ್ಕೇ ಬಿಟ್ಟಳು. ದುಡ್ಡು ದಂಡ ಆಗಬಾರದು ಅಂತ ಉಳಿದಿದ್ದನ್ನೂ ಸೇರಿಸಿ ನಾನು ಓದಿದೆ.

ಹದಿನಾರರ ಅನಾಥ ಹುಡುಗಿ, ಮಂತ್ರವಿದ್ಯೆಯ ಶಾಲೆ, ಕೆಟ್ಟ ರಾಣಿ. ಇದೆಲ್ಲ ಹಳೇದು, ಇರಲಿ ಬಿಡಿ. ಎಡವಟ್ಟು ಇರುವುದು ಮಂತ್ರದಲ್ಲೇ. ಹುಡುಗಿಯನ್ನು ನೆಲಮಾಳಿಗೆಯಲ್ಲಿ ಕೂಡಿಹಾಕುತ್ತಾರೆ. ಮೂರು ಅಧ್ಯಾಯ ಪೂರ್ತಿ ಅಳುತ್ತಾಳೆ, ಮರದ ಬಾಗಿಲು ಕೆರೆದು ಕೆರೆದು ಉಗುರು ಕಿತ್ತುಬರುತ್ತದೆ. ಕೊನೆಗೆ ನಾಯಕ ಬಂದು ಬಿಡಿಸುತ್ತಾನೆ. ಆಮೇಲೆ ನೋಡಿದರೆ ರಾಣಿಯ ಕೋಟೆಯ ಕಬ್ಬಿಣದ ಬಾಗಿಲಿಗೆ ಇದೇ ಹುಡುಗಿ ಬೆರಳು ತೋರಿಸುತ್ತಾಳೆ, ಅದು ಕರಗಿ ಹರಿಯುತ್ತದೆ! ಯಾವಾಗ ಕಲಿತಳು? ಯಾರು ಕಲಿಸಿದರು? ಒಂದು ಸಾಲೂ ಇಲ್ಲ. ಕಷ್ಟ ಬಂತಾ, ಹೊಸ ಮಂತ್ರ. ಅದಕ್ಕೆ ದಣಿವಿಲ್ಲ, ಮಿತಿಯಿಲ್ಲ, ಕಳೆದುಕೊಳ್ಳುವುದೂ ಏನಿಲ್ಲ. ಹಾಗಿದ್ದ ಮೇಲೆ ಅವಳಿಗೆ ಏನಾಗುತ್ತೋ ಅನ್ನುವ ಭಯ ಎಲ್ಲಿಂದ ಬರಬೇಕು?

ನಮ್ಮ ದೇವರಾಯನದುರ್ಗದ ತಪ್ಪಲಿನ ನಾಮದ ಚಿಲುಮೆಯ ಕಥೆ ಗೊತ್ತಲ್ವಾ? ರಾಮನಿಗೆ ನಾಮ ಇಟ್ಟುಕೊಳ್ಳಲು ನೀರು ಸಿಗಲಿಲ್ಲ, ಬಂಡೆಗೆ ಬಾಣ ಬಿಟ್ಟ, ಚಿಲುಮೆ ಉಕ್ಕಿತು. ಅಷ್ಟು ಚಿಕ್ಕ ಕಥೆಯಲ್ಲೂ ಪವಾಡ ಯಾಕೆ ಬೇಕಾಯಿತು ಅನ್ನುವುದಿದೆ. ಇಲ್ಲಿ ನಾನೂರು ಪುಟ ತಿರುವಿದರೂ ಸಿಗಲ್ಲ.

ಇನ್ನು ನಾಯಕ. ನೋಡೋಕೆ ಹದಿನೆಂಟು, ವಯಸ್ಸು ಮುನ್ನೂರು. ಹುಡುಗಿಯ ಕನಸಿನೊಳಗೆ ಹೇಳದೆ ಕೇಳದೆ ನುಗ್ಗುತ್ತಾನೆ. ಅವಳು ಯಾರ ಜೊತೆ ಮಾತಾಡಬೇಕು ಅನ್ನುವುದನ್ನೂ ಅವನೇ ತೀರ್ಮಾನ ಮಾಡುತ್ತಾನೆ. ಇದಕ್ಕೆ ಪುಸ್ತಕದಲ್ಲಿ ಪ್ರೀತಿ ಅಂತ ಹೆಸರು. ಅಣ್ಣನ ಮಗಳು ಪುಸ್ತಕ ಮುಚ್ಚಿದ್ದು ಇಲ್ಲೇ. "ಚಿಕ್ಕಪ್ಪ, ಇವನು ನಮ್ಮ ಕಾಲೇಜಲ್ಲಿದ್ದಿದ್ರೆ ಪ್ರಿನ್ಸಿಪಾಲರಿಗೆ ಕಂಪ್ಲೇಂಟ್ ಕೊಡ್ತಿದ್ವಿ" ಅಂದಳು.

ಎಲ್ಲಕ್ಕಿಂತ ಸಿಟ್ಟು ಬಂದಿದ್ದು ಕೊನೇ ಪುಟದಲ್ಲಿ. ರಾಣಿ ಕತ್ತಿ ಎತ್ತುತ್ತಾಳೆ. ಹಾಳೆ ತಿರುವಿದರೆ 'ಎರಡನೇ ಭಾಗ ಸದ್ಯದಲ್ಲೇ'! ಇದು ಮೊದಲ ಭಾಗ ಅಂತ ಮುಖಪುಟದಲ್ಲೂ ಇಲ್ಲ, ಹಿಂಬದಿಯಲ್ಲೂ ಇಲ್ಲ.

ಅದಕ್ಕೇ ಹೇಳುವುದು, ದುಡ್ಡು ಕೊಡುವ ಮುಂಚೆ ಪ್ಲಾಸ್ಟಿಕ್ ಬಿಚ್ಚಿ ತೋರಿಸಿ ಅಂತ ಕೇಳಿ. ಒಪ್ಪದಿದ್ದರೆ ಅಲ್ಲೇ ನಿಂತು ಫೋನಿನಲ್ಲಿ ಹುಡುಕಿ, ಸರಣಿಯೋ ಬಿಡಿ ಪುಸ್ತಕವೋ ಗೊತ್ತಾಗುತ್ತದೆ. ಅಮೆಜಾನ್‌ನ ಇ-ಪುಸ್ತಕದ ಆ್ಯಪ್ ಕಿಂಡಲ್‌ನಲ್ಲಿ ಎಷ್ಟೋ ಪುಸ್ತಕಗಳ ಮೊದಲ ಪುಟಗಳು ಪುಕ್ಕಟೆ ಸಿಗುತ್ತವೆ, ಮಕ್ಕಳಿಗೇ ಓದೋಕೆ ಕೊಡಿ. ಐದು ಸ್ಟಾರ್ ಕೊಟ್ಟವರನ್ನು ಬಿಟ್ಟು ಎರಡು ಸ್ಟಾರ್ ಕೊಟ್ಟವರು ಏನಂದಿದ್ದಾರೆ ನೋಡಿ. ನಾನು ವಾಪಸ್ ಕೊಡಲು ಹೋದಾಗ ಅಂಗಡಿಯವರು ಪ್ಲಾಸ್ಟಿಕ್ ಬಿಚ್ಚಿದ ಮೇಲೆ ಆಗಲ್ಲ ಸಾರ್ ಅಂದುಬಿಟ್ಟರು.