ದರ ಬದಲಾವಣೆಯೋ, ಟೇಕೋವರೋ: ಅಡವಿಟ್ಟ ಎರಡು ಮನೆಗಳ ಹೋಲಿಕೆ

2025ರ ಫೆಬ್ರವರಿಯಿಂದ ಜೂನ್‌ವರೆಗೆ ಆರ್‌ಬಿಐ ರೆಪೋ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಸಾಲ ಕೊಡುವ ಬಡ್ಡಿ ದರವನ್ನು, ಶೇ 6.50ರಿಂದ ಶೇ 5.50ಕ್ಕೆ ಇಳಿಸಿತು. ತುಮಕೂರಿನಲ್ಲಿರುವ ನಮ್ಮ ಮನೆಯ ಸಾಲಕ್ಕಾಗಲಿ, ಅಕ್ಕನ ಮನೆಯ ಸಾಲಕ್ಕಾಗಲಿ ಆ ಇಳಿಕೆ ಪೂರ್ತಿ ತಟ್ಟಲಿಲ್ಲ. ನನ್ನದು ಬ್ಯಾಂಕಿನ ಸಾಲ, ಎಂಸಿಎಲ್‌ಆರ್ (ಬ್ಯಾಂಕು ತನ್ನ ಖರ್ಚು ನೋಡಿ ತಾನೇ ಗೊತ್ತುಮಾಡುವ ದರ) ಲೆಕ್ಕದ್ದು. ಅಕ್ಕನದು ಹೌಸಿಂಗ್ ಫೈನಾನ್ಸ್ ಕಂಪನಿಯದು. ನಾನು ಅದೇ ಬ್ಯಾಂಕಿನಲ್ಲಿ ದರ ಬದಲಾಯಿಸಿಕೊಂಡೆ. ಅಕ್ಕ ಸಾಲವನ್ನೇ ಬೇರೆ ಬ್ಯಾಂಕಿಗೆ ವರ್ಗಾಯಿಸಿ ಟೇಕೋವರ್ ಮಾಡಿಸಿದಳು. ಎರಡೂ ಫೈಲು ಹಿಡಿದು ಓಡಾಡಿದ್ದರಿಂದ ಯಾವುದು ಯಾರಿಗೆ ಸರಿ ಅನ್ನುವುದು ನನಗೆ ಚೆನ್ನಾಗಿ ಗೊತ್ತಾಗಿದೆ.

ಮೊದಲು ನನ್ನದು. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಗೃಹಸಾಲಗಳೆಲ್ಲ ರೆಪೋದಂಥ ಹೊರಗಿನ ದರಕ್ಕೆ ಜೋಡಣೆಯಾಗಿರಬೇಕು. ನನ್ನ ಸಾಲ ಅದಕ್ಕೂ ಹಿಂದಿನದು. ನಾವು ಕೇಳದೆ ಬ್ಯಾಂಕು ತಾನಾಗಿ ಬದಲಾಯಿಸಲಿಲ್ಲ. ಒಂದು ಅರ್ಜಿ, ಒಂದು ಸಲದ ಶುಲ್ಕ, ಅದರ ಮೇಲೆ ಜಿಎಸ್‌ಟಿ, ಛಾಪಾ ಕಾಗದದ ಮೇಲೆ ಪೂರಕ ಒಪ್ಪಂದ. ಸಾಲದಲ್ಲಿ ಹೆಂಡತಿಯ ಹೆಸರೂ ಇದ್ದುದರಿಂದ ಇಬ್ಬರೂ ಹೋಗಿ ಸಹಿ ಹಾಕಿದೆವು. ಮನೆಯ ಪತ್ರಗಳು ಬ್ಯಾಂಕಿನ ಕಪಾಟಿನಿಂದ ಆಚೆ ಬರಲಿಲ್ಲ, ಸಬ್ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲು ಹತ್ತುವ ಪ್ರಮೇಯವೂ ಬರಲಿಲ್ಲ. ಬದಲಾದದ್ದು ಬಡ್ಡಿಯ ಕರಾರು ಮಾತ್ರ. ಅಡಮಾನ ಹಾಗೇ ಇದೆ, ಇಸಿಯಲ್ಲಿ (ಋಣಭಾರ ಪ್ರಮಾಣಪತ್ರ) ಹಳೆಯ ನಮೂದೇ ಇದೆ.

ಇಲ್ಲಿ ಗಟ್ಟಿಯಾಗಿ ಹೇಳಬೇಕಾದ ಮಾತೊಂದಿದೆ. ದರ ಇಳಿದಾಗ ಬ್ಯಾಂಕಿನವರು ‘ಕಂತು ಕಡಿಮೆ ಮಾಡಲಾ, ಅವಧಿ ಕಡಿಮೆ ಮಾಡಲಾ’ ಎಂದು ಕೇಳಿದರೆ ಅವಸರದಲ್ಲಿ ತಲೆಯಾಡಿಸಬೇಡಿ. 25 ಲಕ್ಷ ಬಾಕಿ, 15 ವರ್ಷ ಅವಧಿ ಎಂದು ಹಿಡಿಯೋಣ. ಶೇ 9ಕ್ಕೆ ಕಂತು ಸುಮಾರು 25,357 ರೂಪಾಯಿ, ಶೇ 8ಕ್ಕೆ 23,891. ಕಂತು ಇಳಿಸಿಕೊಂಡರೆ 15 ವರ್ಷದಲ್ಲಿ ಉಳಿಯುವುದು ಸುಮಾರು 2.64 ಲಕ್ಷ. ಹಳೇ ಕಂತನ್ನೇ ಕಟ್ಟುತ್ತಾ ಹೋದರೆ ಸಾಲ ಒಂದೂವರೆ ವರ್ಷ ಮುಂಚೆಯೇ ತೀರುತ್ತದೆ, ಉಳಿತಾಯ 4.75 ಲಕ್ಷದ ಆಸುಪಾಸು. ನಾವು ಕಂತು ಮುಟ್ಟಲಿಲ್ಲ. ಮಕ್ಕಳ ಫೀಸು ಕಟ್ಟಲು ಕೈ ಬಿಗಿಯಾಗಿರುವವರು ಕಂತು ಇಳಿಸಿಕೊಂಡರೆ ತಪ್ಪೇನಿಲ್ಲ, ಆದರೆ ಲೆಕ್ಕ ನೋಡಿ ಇಳಿಸಿಕೊಳ್ಳಲಿ.

ಅಕ್ಕನಿಗೆ ಈ ದಾರಿ ಇರಲಿಲ್ಲ. ರೆಪೋಗೆ ಜೋಡಿಸಬೇಕೆಂಬ 2019ರ ನಿಯಮ ಬ್ಯಾಂಕುಗಳಿಗಷ್ಟೇ, ಹೌಸಿಂಗ್ ಫೈನಾನ್ಸ್ ಕಂಪನಿಗಳು ತಮ್ಮದೇ ದರ ಇಟ್ಟುಕೊಳ್ಳಬಹುದು. ಕೇಳಿದ್ದಕ್ಕೆ ಶುಲ್ಕ ಕಟ್ಟಿಸಿಕೊಂಡು ಸ್ವಲ್ಪ ಇಳಿಸುತ್ತೇವೆ ಅಂದರು. ಬ್ಯಾಂಕಿನ ದರಕ್ಕೆ ಅದು ಹತ್ತಿರವೂ ಇರಲಿಲ್ಲ. ಜೊತೆಗೆ ಅವಳಿಗೆ ಮೇಲೊಂದು ಮಹಡಿ ಕಟ್ಟಲು ದುಡ್ಡು ಬೇಕಿತ್ತು.

ಟೇಕೋವರ್ ಅಂದರೆ ಹಳೇ ಅಡಮಾನ ತೀರಿಸಿ ಹೊಸದು ಬರೆಯುವುದು. ವ್ಯಕ್ತಿಯ ಹೆಸರಿನ ಫ್ಲೋಟಿಂಗ್ ಗೃಹಸಾಲಕ್ಕೆ ಅವಧಿಗೆ ಮುಂಚೆ ಮುಗಿಸಿದ ದಂಡ ಹಾಕುವಂತಿಲ್ಲ, ಅದೊಂದು ನೆಮ್ಮದಿ. ಉಳಿದ ಖರ್ಚು ಮಾತ್ರ ಒಂದೊಂದಾಗಿ ಬರುತ್ತವೆ: ಪ್ರೊಸೆಸಿಂಗ್ ಫೀ, ವಕೀಲರ ಲೀಗಲ್ ಒಪೀನಿಯನ್, ವ್ಯಾಲ್ಯುಯೇಷನ್, ಹೊಸ ಸಾಲದ ಪೂರ್ತಿ ಮೊತ್ತದ ಮೇಲೆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ. ಬ್ಯಾಂಕಿನ ವಕೀಲರು ಇ-ಖಾತೆಯ ಅಳತೆಯನ್ನೂ ಕ್ರಯಪತ್ರದ ಚೆಕ್ಕುಬಂದಿಯನ್ನೂ (ನಾಲ್ಕೂ ದಿಕ್ಕಿನ ಗಡಿ ವಿವರ) ಪಕ್ಕಪಕ್ಕ ಇಟ್ಟುಕೊಂಡು ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಬೆರಳಿಟ್ಟು ಓದಿದರು. ಅಷ್ಟು ನೋಡಿದ ಮೇಲೇ ಫೈಲು ಮುಂದೆ ಹೋಯಿತು.

ಮನಸ್ಸಿಗೆ ಕಷ್ಟವಾದದ್ದು ನಡುವಿನ ಅವಧಿ. ಹೊಸ ಬ್ಯಾಂಕು ಹಳೇ ಕಂಪನಿಯ ಹೆಸರಿಗೆ ದುಡ್ಡು ಕಳಿಸಿದ ದಿನದಿಂದಲೇ ಹೊಸ ಬಡ್ಡಿ ಓಡುತ್ತದೆ, ಮೂಲ ಪತ್ರಗಳು ಮಾತ್ರ ಇನ್ನೂ ಹಳಬರ ಹತ್ತಿರ. ಸಾಲ ತೀರಿದ 30 ದಿನದೊಳಗೆ ಅವರು ಪತ್ರ ಕೊಟ್ಟು, ನೋಂದಣಿಯಾದ ಋಣಭಾರ ತೆಗೆಸಬೇಕು. ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರ್ 1ರಿಂದ ಇರುವ ಆರ್‌ಬಿಐ ನಿಯಮ ಇದು. ಅಕ್ಕ ಅದನ್ನು ಪತ್ರದಲ್ಲಿ ಬರೆದು ಸ್ವೀಕೃತಿ ಪಡೆದಿದ್ದಳು, ನೀವೂ ಹಾಗೇ ಮಾಡಿ.

ಪತ್ರ ಕೈಗೆ ಬಂದಾಗ ಅಲ್ಲೇ ಕೂತು ಪಟ್ಟಿಗೆ ತಾಳೆ ನೋಡಿದೆವು. ಕ್ರಯಪತ್ರದ ಒಂದೊಂದೇ ಪುಟ ತಿರುವಿ ಹಿಂಬದಿಯ ಸಬ್ ರಿಜಿಸ್ಟ್ರಾರ್ ಸೀಲು ಇದೆಯಾ, ಮದರ್ ಡೀಡ್ (ಆಸ್ತಿಯ ಹಿಂದಿನ ಮೂಲ ಹಕ್ಕಿನ ಪತ್ರ) ಮೂಲವೋ ದೃಢೀಕೃತ ಪ್ರತಿಯೋ ಅಂತ ನೋಡಿ ಆಮೇಲೆ ಸಹಿ. ಅಡಮಾನ ಬಿಡುಗಡೆ ನೋಂದಣಿಯಾಗಿ, ಮನೆಯ ಪತ್ರಗಳನ್ನು ಹೊಸ ಬ್ಯಾಂಕಿನಲ್ಲಿ ಅಡವಿಟ್ಟ ಬಗ್ಗೆ ಬರೆಯುವ ಹಕ್ಕುಪತ್ರ ಠೇವಣಿ ಪತ್ರಕ್ಕೆ ಅಕ್ಕ ಫೋಟೊ, ಹೆಬ್ಬೆಟ್ಟು ಕೊಟ್ಟ ಮೇಲೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಹೊಸ ಇಸಿ ತೆಗೆಸಿದೆವು. ಹಳೇ ಅಡಮಾನ, ಅದರ ಬಿಡುಗಡೆ, ಹೊಸ ಅಡಮಾನ ಮೂರೂ ಬಂದಿರಬೇಕು. ಬಿಡುಗಡೆಯ ನಮೂದು ಇಲ್ಲದಿದ್ದರೆ ನಾಳೆ ಮನೆ ಮಾರುವಾಗ ಅಡ್ಡಿ. ಅಡಮಾನಗಳನ್ನು ದೇಶಮಟ್ಟದಲ್ಲಿ ದಾಖಲಿಸುವ ಸೆರ್ಸಾಯ್ ದಾಖಲೆಯಲ್ಲಿ ಹಳಬರ ಹೆಸರು ತೆಗೆದಿದ್ದಾರಾ ಅಂತಲೂ ಕೇಳಿ.

ಬ್ಯಾಂಕಿನ ಹಳೇ ಸಾಲವಿದ್ದು ಬಡ್ಡಿ ಇಳಿದರೆ ಸಾಕು ಅನ್ನುವವರಿಗೆ ನನ್ನ ದಾರಿಯೇ ಸರಿ. ಹೌಸಿಂಗ್ ಫೈನಾನ್ಸ್‌ನಲ್ಲಿದ್ದು, ದರದ ಅಂತರ ದೊಡ್ಡದಿದ್ದು, ಇನ್ನೂ ಹತ್ತಾರು ವರ್ಷ ಕಟ್ಟುವುದಿದ್ದರೆ ಅಕ್ಕನ ಹಾಗೆ ಓಡಾಡಿದ್ದಕ್ಕೆ ಫಲವಿದೆ. ನಾಲ್ಕೈದು ವರ್ಷವಷ್ಟೇ ಉಳಿದಿದ್ದರೆ ಟೇಕೋವರ್ ಬೇಡವೆಂದೇ ಹೇಳುತ್ತೇನೆ, ಉಳಿಯುವ ಬಡ್ಡಿಯಲ್ಲಿ ದೊಡ್ಡ ಪಾಲು ಖರ್ಚಿಗೇ ಹೋಗುತ್ತದೆ.

ಗುಬ್ಬಿ, ತಿಪಟೂರು ಕಡೆ ತೋಟದ ಮೇಲೆ ಸಾಲ ಮಾಡಿದವರಿಗೆ ಇನ್ನೊಂದು ಕೆಲಸವಿದೆ. ಸಾಲ ತೀರಿದ ಮೇಲೂ ಬ್ಯಾಂಕಿನ ಹೆಸರು ಪಹಣಿಯ 11ನೇ ಕಾಲಂನಲ್ಲಿ ಉಳಿದಿರಬಹುದು. ಬೇರೆ ಕಡೆ ಸಾಲ ಕೇಳುವ ಮುಂಚೆಯೇ ಅದನ್ನು ತೆಗೆಸಿಕೊಳ್ಳಿ.